ಪ್ಲಾನ್ ಬರೆದಿದ್ದು ಯಾರು?

ಹೋದ ಎಪಿಸೋಡ್ ಕೇಳಿದವರಿಗೆ ನೆನಪಿರಬಹುದು. ಕೊನೆಯ ಹತ್ತು ನಿಮಿಷ ನಾನು ಟೊರಾಂಟೊದ ಒಂದು ಅಧ್ಯಯನದ ಬಗ್ಗೆ ಮಾತಾಡಿದ್ದೆ: ಪ್ರಾಸ್ಟೇಟ್ ಕ್ಯಾನ್ಸರಿಗೆ ಕೊಡುವ ರೇಡಿಯೇಶನ್ನಿನ ಪ್ಲಾನನ್ನು ಕಂಪ್ಯೂಟರೇ ಹಾಕಿಕೊಡುವ ವಿಚಾರ. ಮಾತಿನ ಭರದಲ್ಲಿ ಅಂಕಿಗಳನ್ನು ಗಡಿಬಿಡಿಯಲ್ಲಿ ಹೇಳಿ ಮುಗಿಸಿಬಿಟ್ಟೆ. ಬಾಯಲ್ಲಿ ಹೇಳಿದ ಅಂಕಿ ಗಾಳಿಗೆ ಹೋಗುತ್ತೆ. ಆಮೇಲೆ ಬಂದ ಮೆಸೇಜುಗಳನ್ನು ನೋಡಿದರೆ ಅರ್ಧ ಜನ "ಹಾಗಾದ್ರೆ ಕಂಪ್ಯೂಟರ್ ಡಾಕ್ಟರಿಗಿಂತ ಮೇಲು ಅಂತಾಯ್ತು" ಎಂದುಕೊಂಡಿದ್ದಾರೆ, ಇನ್ನರ್ಧ ಜನ "ಹಾಗಾದ್ರೆ ಒಪ್ಪಬಾರದು" ಎಂದುಕೊಂಡಿದ್ದಾರೆ. ಎರಡೂ ನಾನು ಹೇಳಿದ್ದಲ್ಲ. ಆದ್ದರಿಂದ ಈ ಸಲ ಕೂತು ಬರೆಯುತ್ತಿದ್ದೇನೆ. ನಿಧಾನವಾಗಿ ಓದಿ.

ಈ ಪೇಪರನ್ನು ನಾನು ಓದಿದ್ದು ವಿಜ್ಞಾನದ ಹುಚ್ಚಿನಿಂದ ಅಲ್ಲ, ನನ್ನ ಮಾವನಿಂದ. ಮಾವ ಅಂದರೆ ಅಮ್ಮನ ಅಣ್ಣ, ಸೋದರಮಾವ. ಇಲ್ಲೇ ಹುಟ್ಟಿ ಕನ್ನಡ ಕಲೀತಿರೋ ನಿಮಗೆ ಒಂದು ಮಾತು: ಇಂಗ್ಲಿಷಿನ 'ಅಂಕಲ್' ಈ ಸಂಬಂಧಕ್ಕೆ ಸಾಲದು. ನಮ್ಮ ಕಡೆ ಸೋದರಮಾವನಿಗೆ ಬೈಯುವ ಹಕ್ಕೂ ಇದೆ, ದುಡ್ಡು ಕೊಡುವ ಕರ್ತವ್ಯವೂ ಇದೆ. ಹಾಸನದ ಕಡೆಯವರು, ಮಿಸಿಸಾಗಾಕ್ಕೆ ಬಂದು ನಲವತ್ತು ವರ್ಷ ದಾಟಿದೆ. ಕೆಲಸ ಸೇತುವೆ, ರಸ್ತೆಗಳ ಡ್ರಾಯಿಂಗ್ ಬರೆಯೋದು. ಮೊದಲು ಕೈಯಲ್ಲಿ, ಆಮೇಲೆ ಕಂಪ್ಯೂಟರಿನಲ್ಲಿ.

ಅವರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಎಂದು ಗೊತ್ತಾದಾಗ ಮನೆಯಲ್ಲಿ ಆ ಪದವನ್ನು ಯಾರೂ ಆಡಲಿಲ್ಲ. "ಮಾವನಿಗೆ ಸ್ವಲ್ಪ ಕೆಳಗಿನ ತೊಂದರೆ" ಅಂತ ಅತ್ತೆ ಫೋನಿನಲ್ಲಿ ಹೇಳಿದರು. ಮೂತ್ರಕೋಶದ ಬುಡದಲ್ಲಿ, ಮೂತ್ರನಾಳವನ್ನು ಸುತ್ತಿಕೊಂಡು ಕೂತಿರುವ, ಆಕ್ರೋಟಿನಷ್ಟು ದೊಡ್ಡ ಗ್ರಂಥಿ ಅದು. ನಮ್ಮ ದಿನಬಳಕೆಯ ಕನ್ನಡದಲ್ಲಿ ಅದಕ್ಕೆ ಹೆಸರೇ ಇಲ್ಲ. ಹೆಸರಿಲ್ಲದ ಅಂಗಕ್ಕೆ ಬಂದ ಕಾಯಿಲೆ ಬಗ್ಗೆ ಮಾತಾಡೋದು ಎಷ್ಟು ಕಷ್ಟ ಅಂತ ಆ ತಿಂಗಳು ಗೊತ್ತಾಯ್ತು.

20 ದಿನದ ಚಿಕಿತ್ಸೆ. ಸೋಮವಾರದಿಂದ ಶುಕ್ರವಾರ, ನಾಲ್ಕು ವಾರ. ಕಾರು ಓಡಿಸುವವನು ನಾನು. ಚಿಕಿತ್ಸೆಗೆ ಮೊದಲು ನೀರು ಕುಡಿದು ಮೂತ್ರಕೋಶ ತುಂಬಿಸಿಕೊಂಡಿರಬೇಕು. ಹೈವೇಯಲ್ಲಿ ಟ್ರಾಫಿಕ್ ಸಿಕ್ಕಿತೋ, ಪಕ್ಕದ ಸೀಟಿನಲ್ಲಿ ಮಾವ ಕಣ್ಣು ಮುಚ್ಚಿ ದೇವರ ಹೆಸರು ಹೇಳ್ತಾ ಕೂರುತ್ತಿದ್ದರು. ಮೊದಲ ದಿನ ಥೆರಪಿಸ್ಟ್ ಅವರಿಗೆ ಸ್ಕ್ರೀನಿನ ಮೇಲೆ ಒಂದು ಚಿತ್ರ ತೋರಿಸಿದರು. ಹೊಟ್ಟೆಯ ಅಡ್ಡಸೀಳು, ನಡುವೆ ಕೆಂಪು, ಸುತ್ತ ಹಳದಿ, ಹಸಿರು, ನೀಲಿ ಗೆರೆಗಳು. ವಾಪಸ್ ಬರ್ತಾ ಮಾವ ಕೇಳಿದ್ದು ಒಂದೇ ಪ್ರಶ್ನೆ.

"ಏನೋ, ಆ ಡ್ರಾಯಿಂಗ್ ಮೂಲೇಲಿ ಹೆಸರೇ ಇರ್ಲಿಲ್ವಲ್ಲೋ. ಬರೆದಿದ್ದು ಯಾರು, ಚೆಕ್ ಮಾಡಿದ್ದು ಯಾರು?"

ಅವರ ಜೀವಮಾನದಲ್ಲಿ ಹಾಕಿದ ಪ್ರತಿ ನಕ್ಷೆಯ ಬಲಗಡೆ ಕೆಳಮೂಲೆಯಲ್ಲಿ ಒಂದು ಚೌಕ ಇರುತ್ತಿತ್ತು. ಬರೆದವರು ಒಬ್ಬರು, ಪರಿಶೀಲಿಸಿದವರು ಇನ್ನೊಬ್ಬರು, ಇಬ್ಬರ ಸಹಿ. ಆ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ಹೋದವನಿಗೆ ಸಿಕ್ಕಿದ್ದು ಈ ಅಧ್ಯಯನ.

ಅಧ್ಯಯನಕ್ಕೆ ಹೋಗುವ ಮೊದಲು, ಪ್ಲಾನ್ ಅಂದರೆ ಏನು ಅಂತ ಸ್ವಲ್ಪ ಹೇಳಬೇಕು. ಇದು ಗೊತ್ತಿಲ್ಲದೆ ಮುಂದಿನದು ಬರೀ ಅಂಕಿ.

ರೋಗಿಯನ್ನು ಸಿಟಿ ಸ್ಕ್ಯಾನ್ ಮಾಡುತ್ತಾರೆ. ಆ ಚಿತ್ರಗಳ ಮೇಲೆ ವೈದ್ಯರು ಗೆರೆ ಎಳೆಯುತ್ತಾರೆ: ಇದು ಪ್ರಾಸ್ಟೇಟ್, ಇದು ಮೂತ್ರಕೋಶ, ಇದು ಗುದನಾಳ, ಇವು ತೊಡೆಮೂಳೆಯ ತಲೆಗಳು. ಗ್ರಂಥಿ ದಿನದಿನಕ್ಕೆ ಸ್ವಲ್ಪ ಅಲುಗಾಡುತ್ತದೆ, ಆದ್ದರಿಂದ ಅದರ ಸುತ್ತ ಕೆಲವು ಮಿಲಿಮೀಟರ್ ಅಂಚು ಬಿಡುತ್ತಾರೆ. ಕಷ್ಟ ಶುರುವಾಗೋದು ಇಲ್ಲೇ. ಗುದನಾಳ ಗ್ರಂಥಿಯ ಬೆನ್ನಿಗೇ ಅಂಟಿಕೊಂಡ ಹಾಗೆ ಇದೆ. ನೀವು ಬಿಟ್ಟ ಅಂಚು ಗುದನಾಳದ ಮುಂಗೋಡೆಯೊಳಗೆ ಹೋಗಿ ಕೂರುತ್ತದೆ. ಆ ಜಾಗಕ್ಕೆ ಪೂರ್ತಿ ಡೋಸ್ ಕೊಟ್ಟರೆ ಕ್ಯಾನ್ಸರ್ ತಪ್ಪಿಸಿಕೊಳ್ಳೋದಿಲ್ಲ, ಆದರೆ ಮುಂದೆ ರಕ್ತಸ್ರಾವ, ಅವಸರದ ಬಹಿರ್ದೆಸೆ ಬರಬಹುದು. ಕಡಿಮೆ ಕೊಟ್ಟರೆ ಗುದನಾಳ ಉಳಿಯುತ್ತದೆ, ಆದರೆ ಅಂಚಿನಲ್ಲಿ ಏನಾದರೂ ಉಳಿದಿದ್ದರೆ? ಮೇಲೆ ಮೂತ್ರಕೋಶದ್ದೂ ಇದೇ ಕಥೆ.

ಪ್ಲಾನ್ ಅನ್ನೋದು ಈ ಜಗಳದ ರಾಜಿಪತ್ರ. ಎಲ್ಲರಿಗೂ ಎಲ್ಲವೂ ಸಿಗೋದಿಲ್ಲ.

ಈ ರಾಜಿಯನ್ನು ಕೈಯಲ್ಲಿ ಲೆಕ್ಕ ಹಾಕುವ ಕಾಲ ಎಂದೋ ಹೋಯ್ತು. 1982ರಲ್ಲಿ ಸ್ವೀಡನ್ನಿನ ಆಂಡರ್ಸ್ ಬ್ರಾಮೆ ಮತ್ತು ಜೊತೆಗಾರರು ಲೆಕ್ಕವನ್ನು ತಲೆಕೆಳಗು ಮಾಡಿದರು. ಕಿರಣ ಎಲ್ಲಿಂದ ಬಿಟ್ಟರೆ ಎಲ್ಲಿ ಎಷ್ಟು ಬೀಳುತ್ತೆ ಎಂದು ಕೇಳುವ ಬದಲು, ಎಲ್ಲಿ ಎಷ್ಟು ಬೀಳಬೇಕು ಎಂದು ಮೊದಲು ಹೇಳಿ, ಹಾಗಾದರೆ ಕಿರಣ ಹೇಗೆ ಬಿಡಬೇಕು ಎಂದು ಹಿಂದಕ್ಕೆ ಲೆಕ್ಕ ಮಾಡೋದು. 2008ರಲ್ಲಿ ವ್ಯಾಂಕೂವರಿನ ಕಾರ್ಲ್ ಓಟ್ಟೊ, ಯಂತ್ರ ರೋಗಿಯ ಸುತ್ತ ಒಂದು ಸುತ್ತು ತಿರುಗುವಷ್ಟರಲ್ಲೇ ಕಿರಣದ ಆಕಾರವನ್ನೂ ಪ್ರಮಾಣವನ್ನೂ ಬದಲಾಯಿಸುತ್ತಾ ಡೋಸ್ ಕೊಟ್ಟು ಮುಗಿಸುವ ವಿಧಾನವನ್ನು ಪ್ರಕಟಿಸಿದರು. ಮಾವನ ಸುತ್ತ ತಿರುಗಿದ್ದು ಆ ಬಗೆಯದೇ ಯಂತ್ರ. ಹೀಗಾಗಿ "ಕಂಪ್ಯೂಟರ್ ಬಂತು" ಅಂತ ಗಾಬರಿಯಾಗುವವರಿಗೆ ಮೊದಲೇ ಹೇಳಿಬಿಡ್ತೀನಿ, ಕಂಪ್ಯೂಟರ್ ಬಂದು ದಶಕಗಳೇ ಆಗಿವೆ. ಮನುಷ್ಯ ಇಷ್ಟು ದಿನ ಮಾಡುತ್ತಿದ್ದದ್ದು ಅದರ ಪಕ್ಕ ಕೂತು ಚೌಕಾಸಿ. ಗುದನಾಳಕ್ಕೆ ಇನ್ನೊಂದು ಚೂರು ಕಡಿಮೆ ಮಾಡು ನೋಡೋಣ, ಓಹೋ ಇಲ್ಲಿ ಹೆಚ್ಚಾಯ್ತು, ಹಾಗಾದ್ರೆ ಅದನ್ನ ಸಡಿಲಿಸು. ಡೋಸಿಮೆಟ್ರಿಸ್ಟ್ ಎಂಬ ತಜ್ಞರು ಗಂಟೆಗಟ್ಟಲೆ ಮಾಡುವ ಕೆಲಸ ಇದು.

ಎಷ್ಟು ಹೊತ್ತಿಗೆ ಚೌಕಾಸಿ ನಿಲ್ಲಿಸಬೇಕು? ಅದಕ್ಕೆ ಸೂತ್ರ ಇಲ್ಲ. ನಮ್ಮಲ್ಲಿ 'ಕೈಗುಣ' ಎಂಬ ಮಾತಿದೆಯಲ್ಲ, ಅದೇ ಇಲ್ಲೂ. 2012ರಲ್ಲಿ ಬೆನ್ ನೆಲ್ಮ್ಸ್ ಮತ್ತು ಸಂಗಡಿಗರು ಒಂದೇ ಪ್ರಾಸ್ಟೇಟ್ ರೋಗಿಯ ಒಂದೇ ಸ್ಕ್ಯಾನನ್ನು ಬೇರೆಬೇರೆ ಆಸ್ಪತ್ರೆಗಳ ನೂರಕ್ಕೂ ಹೆಚ್ಚು ಪ್ಲಾನರುಗಳಿಗೆ ಕೊಟ್ಟು ನೋಡಿದರು. ಬಂದ ಪ್ಲಾನುಗಳ ಗುಣಮಟ್ಟ ಒಂದರಿಂದ ಇನ್ನೊಂದಕ್ಕೆ ಅಜಗಜಾಂತರ. ವ್ಯತ್ಯಾಸಕ್ಕೆ ಸಾಫ್ಟ್‌ವೇರ್ ಕಾರಣ ಅಲ್ಲ, ಯಂತ್ರ ಅಲ್ಲ, ಅನುಭವದ ವರ್ಷಗಳೂ ಅಲ್ಲ, ಸರ್ಟಿಫಿಕೇಟೂ ಅಲ್ಲ. ಕೊನೆಗೆ ಅವರು ಅದನ್ನು ಪ್ಲಾನರಿನ ಕೌಶಲ ಅಂದರು. ನಮ್ಮಜ್ಜಿ ಆಗಿದ್ದರೆ ಕೈಗುಣ ಅನ್ನುತ್ತಿದ್ದಳು.

ಕೈಗುಣ ಅಂತ ಹೇಳಿದಾಗ ನಮಗೆ ಹಿತವಾಗಿ ಕೇಳಿಸುತ್ತೆ. ಅದರ ಇನ್ನೊಂದು ಮುಖ ನೋಡಿ: ಕೈಗುಣ ಇಲ್ಲದವರ ಕೈಗೆ ಸಿಕ್ಕ ರೋಗಿಯ ಗತಿ ಏನು? ಅಮೆರಿಕದಲ್ಲಿ ನಡೆದ ಒಂದು ದೊಡ್ಡ ಪ್ರಾಸ್ಟೇಟ್ ಪ್ರಯೋಗದ 219 ಪ್ಲಾನುಗಳನ್ನು ಕೆವಿನ್ ಮೂರ್ ಮತ್ತು ಜೊತೆಗಾರರು ಮತ್ತೆ ತೆಗೆದು ನೋಡಿದರು. ಹಿಂದಿನ ಒಳ್ಳೆಯ ಪ್ಲಾನುಗಳಿಂದ ಕಲಿತ ಮಾದರಿಯೊಂದಿಗೆ ಹೋಲಿಸಿದಾಗ, 219ರಲ್ಲಿ 94 ಮಂದಿಗೆ ಗುದನಾಳದ ತೊಂದರೆಯ ಅಪಾಯ ಇರಬೇಕಾದ್ದಕ್ಕಿಂತ ಕನಿಷ್ಠ ಶೇ. 5ರಷ್ಟು ಹೆಚ್ಚಿತ್ತು ಎಂದು ಲೆಕ್ಕ ಬಂತು. 2015ರ ವರದಿ ಅದು. ಲೆಕ್ಕಾಚಾರದ ಅಪಾಯ, ನಿಜ, ಎಣಿಸಿದ ರೋಗಿಗಳಲ್ಲ. ಆದರೂ ಇವು ಪ್ರಯೋಗಕ್ಕೆಂದು ಜೋಪಾನವಾಗಿ ಮಾಡಿದ ಪ್ಲಾನುಗಳು. ಮನುಷ್ಯರ ಕೈಯೇ ಸಾಕು, ಯಂತ್ರ ಯಾಕೆ ಬೇಕು ಅನ್ನುವವರು ಈ 94 ಜನರಿಗೆ ಉತ್ತರ ಹೇಳಬೇಕು. ನನಗಂತೂ ಉತ್ತರ ಹೊಳೆಯಲಿಲ್ಲ, ಸ್ವಯಂಚಾಲಿತ ಪ್ಲಾನಿಂಗಿನ ಪರವಾಗಿ ನಾನು ವಾಲಿದ್ದು ಆಗಲೇ.

ಈಗ ಟೊರಾಂಟೊ. 2021ರ ಜೂನಿನಲ್ಲಿ ನೇಚರ್ ಮೆಡಿಸಿನ್ ಪತ್ರಿಕೆಯಲ್ಲಿ ಬಂದದ್ದು, ಪ್ರಿನ್ಸೆಸ್ ಮಾರ್ಗರೆಟ್ ಕ್ಯಾನ್ಸರ್ ಸೆಂಟರಿನ ಕ್ರಿಸ್ ಮ್ಯಾಕಿಂಟಾಷ್, ಥಾಮಸ್ ಪರ್ಡಿ ಮತ್ತು ತಂಡದ್ದು. ಅವರು ಬಳಸಿದ್ದು ರ‍್ಯಾಂಡಮ್ ಫಾರೆಸ್ಟ್ ಎಂಬ ತಂತ್ರ. ಹಿಂದೆ ಚಿಕಿತ್ಸೆ ಪಡೆದವರ ಸ್ಕ್ಯಾನುಗಳು, ಅವರಿಗೆ ಕೊಟ್ಟ ಡೋಸು, ಇವನ್ನು ನೋಡಿ ಯಂತ್ರ ಕಲಿಯುತ್ತದೆ. ಹೊಸ ರೋಗಿ ಬಂದಾಗ, ಈ ದೇಹಕ್ಕೆ ಡೋಸು ಹೇಗೆ ಹರಡಿರಬೇಕು ಎಂದು ಊಹಿಸಿ, ಆ ಊಹೆಗೆ ಹತ್ತಿರವಾಗುವ ಪ್ಲಾನನ್ನು ಕಟ್ಟುತ್ತದೆ. ಒಳ್ಳೆ ಟೈಲರಿನ ಹಳೇ ಅಳತೆ ಪುಸ್ತಕ ಇಟ್ಟುಕೊಂಡು ಹೊಸಬರಿಗೆ ಬಟ್ಟೆ ಕತ್ತರಿಸಿದ ಹಾಗೆ.

ಅಧ್ಯಯನದಲ್ಲಿ ಎರಡು ಹಂತ. ಮೊದಲನೆಯದು ಈಗಾಗಲೇ ಚಿಕಿತ್ಸೆ ಮುಗಿಸಿದ 50 ರೋಗಿಗಳದ್ದು. ಎರಡನೆಯದು ಇನ್ನೂ ಚಿಕಿತ್ಸೆ ಆಗಬೇಕಿದ್ದ 50 ರೋಗಿಗಳದ್ದು. ಎರಡರಲ್ಲೂ ಪ್ರತಿ ರೋಗಿಗೆ ಎರಡೆರಡು ಪ್ಲಾನ್: ಒಂದು ಮನುಷ್ಯರದ್ದು, ಒಂದು ಯಂತ್ರದ್ದು. ಯಾವುದು ಯಾರದ್ದು ಎಂದು ಹೇಳದೆ ಎರಡನ್ನೂ ಚಿಕಿತ್ಸೆ ಕೊಡುವ ವೈದ್ಯರ ಮುಂದಿಟ್ಟರು. ಮೊದಲೇ ಬರೆದಿಟ್ಟ ಮಾನದಂಡಗಳ ಪ್ರಕಾರ ವೈದ್ಯರು ನೋಡಬೇಕು, ಒಪ್ಪಬಹುದಾ ಇಲ್ಲವಾ ಹೇಳಬೇಕು, ಎರಡರಲ್ಲಿ ಒಂದನ್ನು ಆರಿಸಬೇಕು. ಎರಡನೇ ಹಂತದಲ್ಲಿ ವೈದ್ಯರು ಆರಿಸಿದ ಪ್ಲಾನನ್ನೇ ರೋಗಿಗೆ ಕೊಟ್ಟರು.

ಒಟ್ಟು ಫಲಿತಾಂಶ: ಯಂತ್ರದ ಪ್ಲಾನುಗಳಲ್ಲಿ ಶೇ. 89 ಒಪ್ಪತಕ್ಕವು. ಮುಖಾಮುಖಿ ಹೋಲಿಕೆಯಲ್ಲಿ ಶೇ. 72ರಲ್ಲಿ ಯಂತ್ರದ್ದೇ ಆಯ್ಕೆ. ಪೂರ್ತಿ ಪ್ಲಾನಿಂಗ್ ಪ್ರಕ್ರಿಯೆಗೆ ಹಿಡಿಯುವ ಸಮಯ 118 ಗಂಟೆಯಿಂದ 47 ಗಂಟೆಗೆ, ಅಂದರೆ ಶೇ. 60ರಷ್ಟು ಇಳಿಕೆ.

ಸುದ್ದಿಗಳು ಇಲ್ಲಿಗೆ ನಿಲ್ಲುತ್ತವೆ. ನನ್ನ ಎಪಿಸೋಡೂ ಹೆಚ್ಚುಕಡಿಮೆ ಇಲ್ಲೇ ನಿಂತಿತ್ತು, ಅದು ನನ್ನ ತಪ್ಪು. ಪೇಪರಿನ ಜೀವ ಇರೋದು ಈ 72ರೊಳಗೆ. ಅದನ್ನು ಬಿಡಿಸಿ ನೋಡಿದರೆ, ಮೊದಲ ಹಂತದಲ್ಲಿ ಯಂತ್ರದ ಪ್ಲಾನನ್ನು ಆರಿಸಿದ್ದು ಶೇ. 83. ಎರಡನೇ ಹಂತದಲ್ಲಿ ಶೇ. 61.

ಅದೇ ಆಸ್ಪತ್ರೆ, ಅದೇ ಯಂತ್ರ, ಅದೇ ಮಾನದಂಡ, ಕಣ್ಣಿಗೆ ಅದೇ ಬಟ್ಟೆ. ಒಪ್ಪತಕ್ಕವು ಅಂದದ್ದೂ ಬಹಳ ಬದಲಾಗಲಿಲ್ಲ, ಶೇ. 92 ಇದ್ದದ್ದು 86 ಆಯ್ತು. ಬಿದ್ದದ್ದು ಆಯ್ಕೆ. ಮೊದಲ ಹಂತದಲ್ಲಿ ವೈದ್ಯರು ಯಾವುದನ್ನು ಆರಿಸಿದರೂ ಯಾರಿಗೂ ಏನೂ ಆಗುತ್ತಿರಲಿಲ್ಲ, ಆ 50 ಜನ ಚಿಕಿತ್ಸೆ ಮುಗಿಸಿ ಮನೆಗೆ ಹೋಗಿಯಾಗಿತ್ತು. ಎರಡನೇ ಹಂತದಲ್ಲಿ ರೋಗಿ ಕಾಯುತ್ತಾ ಕೂತಿದ್ದ. ನನ್ನ ಮಾವನಂಥವರು, ಹೊಟ್ಟೆ ತುಂಬ ನೀರು ಕುಡಿದು.

ಈ ತಂಡದ ಬಗ್ಗೆ ನನಗೆ ಗೌರವ ಬರೋದು ಇದಕ್ಕೇ. ಯಂತ್ರ ಕಟ್ಟಿದವರೇ ತಮ್ಮ ಯಂತ್ರದ ಅಂಕಿ ಬಿದ್ದದ್ದನ್ನು ಮುಚ್ಚಿಡಲಿಲ್ಲ, ಸಾರಾಂಶದ ಕೊನೆಯಲ್ಲೇ ಹೇಳಿದ್ದಾರೆ: ಹಳೆಯ ರೋಗಿಗಳ ಮೇಲೆ ಮಾಡಿದ ಪರೀಕ್ಷೆ, ತಜ್ಞರು ಕಣ್ಣುಕಟ್ಟಿ ಮಾಡಿದ್ದರೂ, ನಿಜವಾದ ರೋಗಿ ಎದುರಿದ್ದಾಗ ಆಗುವುದನ್ನು ಹೇಳದೇ ಇರಬಹುದು ಅಂತ. ವೈದ್ಯಕೀಯ ಎಐ ಬಗ್ಗೆ ದಿನಾ ಬರುವ ಸುದ್ದಿಗಳಲ್ಲಿ ಬಹುಪಾಲು ಇಂಥ ಮೊದಲ ಹಂತದವೇ. ಅವರೇ ಒಪ್ಪಿಕೊಂಡ ಮಾತಿನ ಬೆಳಕಿನಲ್ಲಿ ಉಳಿದವನ್ನೂ ಓದಬೇಕಾಗುತ್ತೆ.

ಆದರೆ ಅವರು ನಿಲ್ಲಿಸಿದ ಕಡೆ ನನಗೆ ಸಮಾಧಾನ ಆಗಲಿಲ್ಲ. ಯಾಕೆ ಬಿತ್ತು? ರೋಗಿ ಎದುರಿದ್ದಾಗ ವೈದ್ಯರು ಹೆಚ್ಚು ಜಾಗರೂಕರಾಗುತ್ತಾರೆ ಅನ್ನೋದು ಒಂದು ಉತ್ತರ. ನಂಬುವಂಥದ್ದೇ. ಆದರೆ ಯಾವುದು ಯಾರದ್ದು ಎಂದು ಗೊತ್ತಿಲ್ಲದೆ ಜಾಗರೂಕತೆ ಒಂದೇ ಕಡೆಗೆ ವಾಲುವುದು ಹೇಗೆ? ಒಂದೋ ಅನುಭವಿ ಕಣ್ಣಿಗೆ ಹೆಸರಿಲ್ಲದಿದ್ದರೂ ಯಂತ್ರದ ಕೈ ಗುರುತು ಸಿಗುತ್ತಿತ್ತು. ಸೊಸೆ ಮಾಡಿದ ಸಾರೋ ಅಂಗಡಿ ಸಾರೋ ಅಂತ ಅತ್ತೆಗೆ ಲೇಬಲ್ ಬೇಕಾ? ಇಲ್ಲವೇ ಆ ಮನುಷ್ಯರ ಪ್ಲಾನಿನಲ್ಲಿ ಈ ರೋಗಿಗೆ ಬೇಕಾದ ಏನೋ ಒಂದು ಇತ್ತು, ಹಳೆಯ ರೋಗಿಯ ಫೈಲ್ ನೋಡುವಾಗ ಗಮನಕ್ಕೆ ಬಾರದ್ದು, ನಾಳೆ ಎದುರಿಗೆ ಬಂದು ಕೂರುವವನ ಮುಖ ನೆನಪಾದಾಗ ಕಂಡದ್ದು. ಇವನಿಗೆ ಮೊದಲೇ ಕರುಳಿನ ಉರಿಯೂತ ಇದೆ, ಇವನು ರಕ್ತ ತೆಳು ಮಾಡುವ ಮಾತ್ರೆ ನುಂಗುತ್ತಾನೆ, ಇವನಿಗೆ ರಾತ್ರಿ ಆರು ಸಲ ಏಳಬೇಕಾಗುತ್ತೆ. ಸ್ಕ್ಯಾನಿನ ಚಿತ್ರದಲ್ಲಿ ಇದು ಯಾವುದೂ ಕಾಣೋದಿಲ್ಲ. ಡೋಸು ಹೇಗೆ ಹರಡಬೇಕು ಎಂದು ಚಿತ್ರ ನೋಡಿ ಊಹಿಸುವ ಯಂತ್ರಕ್ಕೆ ಕಾಣದ್ದು ತೂಕಕ್ಕೂ ಬರೋದಿಲ್ಲ. ಇನ್ನೊಂದು ಸಾಧ್ಯತೆ ಸಪ್ಪೆಯದು: ಎರಡು ಹಂತಗಳ ರೋಗಿಗಳು ಬೇರೆಬೇರೆ, ಐವತ್ತೈವತ್ತೇ ಜನ, ಒಬ್ಬೊಬ್ಬರೂ ನೂರರಲ್ಲಿ ಎರಡರಷ್ಟು ತೂಗುತ್ತಾರೆ, ಎರಡನೇ ಗುಂಪಿನ ದೇಹಗಳೇ ಯಂತ್ರಕ್ಕೆ ಸ್ವಲ್ಪ ಕಷ್ಟದವಿದ್ದಿರಬಹುದು. ಇವನ್ನು ಒಂದರಿಂದ ಒಂದು ಬೇರ್ಪಡಿಸಬೇಕಾದರೆ, ಆರಿಸಿದ ಮೇಲೆ ಪ್ರತಿ ವೈದ್ಯರನ್ನೂ "ಯಾಕೆ ಇದನ್ನೇ?" ಎಂದು ಕೂರಿಸಿ ಕೇಳುವುದೇ ಮುಖ್ಯ ಕೆಲಸವಾಗಿರುವ ಇನ್ನೊಂದು ಅಧ್ಯಯನ ಬೇಕು. ನನ್ನ ಮಟ್ಟಿಗೆ ಇಡೀ ಪೇಪರಿನ ಅತಿ ಬೆಲೆಬಾಳುವ ದತ್ತಾಂಶ ಆ 'ಯಾಕೆ'ಯಲ್ಲಿದೆ.

ಇನ್ನು ನನ್ನ ದೊಡ್ಡ ತಕರಾರು.

86 ಮತ್ತು 61, ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ನಿಜವಾದ ರೋಗಿಗಳ ಹಂತದಲ್ಲಿ ನೂರಕ್ಕೆ 86 ಪ್ಲಾನ್ 'ಆಗಬಹುದು'. ಆದರೆ ಪಕ್ಕದಲ್ಲಿ ಇನ್ನೊಂದು ಇದ್ದಾಗ ಯಂತ್ರದ್ದನ್ನೇ 'ಇದೇ ಇರಲಿ' ಅಂದದ್ದು ನೂರಕ್ಕೆ 61 ಸಲ. ಕನ್ನಡದಲ್ಲಿ 'ಆಗಬಹುದು' ಮತ್ತು 'ಇದೇ ಇರಲಿ' ಇವೆರಡರ ನಡುವೆ ಎಷ್ಟು ದೂರ ಅಂತ ಸೀರೆ ಅಂಗಡಿಗೆ ಹೋದ ಯಾರಿಗಾದರೂ ಗೊತ್ತು. ಒಂದೇ ಸೀರೆ ತೋರಿಸಿದರೆ "ಪರವಾಗಿಲ್ಲ, ಕಟ್ಟಿಕೊಡಿ" ಅಂತೀವಿ. ಎರಡನೆಯದು ಬಿಚ್ಚಿ ಹಾಕಿದಾಗಲೇ ಮೊದಲನೆಯದರ ಅಂಚು ಸರಿಯಿಲ್ಲ ಅಂತ ಕಾಣೋದು.

ಅಧ್ಯಯನದ ರೋಗಿಗಳಿಗೆ ಎರಡು ಪ್ಲಾನ್ ಇತ್ತು. ಅದೇ ಅವರ ರಕ್ಷಣೆ. ಆದರೆ ಇದೇ ವಿಧಾನ ದಿನನಿತ್ಯದ ಬಳಕೆಗೆ ಬಂದಾಗ ಯಾವ ಆಸ್ಪತ್ರೆ ಎರಡೆರಡು ಪ್ಲಾನ್ ಹಾಕಿಸುತ್ತೆ? ಸಮಯ ಉಳಿಸಲಿಕ್ಕೆ ತಂದ ಯಂತ್ರ ಅದು. ಯಂತ್ರದ್ದೊಂದೇ ಇರುತ್ತೆ, ವೈದ್ಯರು ನೋಡುತ್ತಾರೆ, ಆಗಬಹುದು ಅನಿಸುತ್ತೆ, ಸಹಿ ಹಾಕುತ್ತಾರೆ. ಒಪ್ಪತಕ್ಕದ್ದೇ ಆದರೂ ಪಕ್ಕದಲ್ಲಿ ಮನುಷ್ಯರದ್ದು ಇದ್ದದ್ದರಿಂದ ಕೈಬಿಟ್ಟ ಪ್ಲಾನುಗಳು ಇನ್ನು ಮುಂದೆ ಯಾರ ಕಣ್ಣಿಗೂ ಬೀಳದೆ ದಾಟಿಹೋಗುತ್ತವೆ. ತಪ್ಪು ಪ್ಲಾನ್ ಅಂತ ಅಲ್ಲ. ಒಪ್ಪತಕ್ಕವೇ. ಇನ್ನೂ ಒಳ್ಳೆಯದು ಇತ್ತು, ಅಷ್ಟೇ. ಅಧ್ಯಯನ ಯಂತ್ರವನ್ನು ಪರೀಕ್ಷಿಸಿದ್ದು ಒಂದು ವ್ಯವಸ್ಥೆಯಲ್ಲಿ, ನಾಳೆ ಅದನ್ನು ಬಳಸುವುದು ಇನ್ನೊಂದು ವ್ಯವಸ್ಥೆಯಲ್ಲಿ. ರೋಗಿ ಎದುರಿಗಿದ್ದಾನೋ ಇಲ್ಲವೋ ಎಂಬ ವ್ಯತ್ಯಾಸವನ್ನು ಅವರು ಹಿಡಿದರು. ಎರಡನೇ ಪ್ಲಾನ್ ಇದೆಯೋ ಇಲ್ಲವೋ ಎಂಬ ವ್ಯತ್ಯಾಸಕ್ಕೂ ಅಷ್ಟೇ ತೂಕ ಸಿಗಬೇಕಿತ್ತು ಅನ್ನೋದು ನನ್ನ ವಾದ.

ಇದರ ಬಾಲದಲ್ಲೇ ಇನ್ನೊಂದು ಇದೆ. ಯಂತ್ರದ 100 ಪ್ಲಾನಿನಲ್ಲಿ 11 ಒಪ್ಪತಕ್ಕವಲ್ಲ. ಅವನ್ನು ಕೈಯಲ್ಲಿ ಮತ್ತೆ ಹಾಕಬೇಕು. ಅವು ಸಾಮಾನ್ಯವಾಗಿ ಸುಲಭದವಾಗಿರೋದಿಲ್ಲ. ಸುಲಭದ 89ನ್ನು ವರ್ಷಗಟ್ಟಲೆ ಯಂತ್ರಕ್ಕೆ ಬಿಟ್ಟುಕೊಟ್ಟ ಆಸ್ಪತ್ರೆಯಲ್ಲಿ, ಕಷ್ಟದ 11ನ್ನು ಹಾಕುವ ಕೈ ಎಲ್ಲಿ ಪಳಗುತ್ತೆ? ನಮ್ಮ ಮನೆಗಳಲ್ಲಿ ಮಿಕ್ಸಿ ಬಂದ ಮೇಲೆ ಒರಳುಕಲ್ಲಿಗೆ ಏನಾಯ್ತು ನೋಡಿದ್ದೀರಲ್ಲ, ಕಲ್ಲು ಹೋದದ್ದಷ್ಟೇ ಅಲ್ಲ, ರುಬ್ಬಲಿಕ್ಕೆ ಬರುವವರೂ ಹೋದರು.

ಸಮಯದ ಅಂಕಿಯ ಬಗ್ಗೆ ಹೆಚ್ಚು ಹೇಳೋದಿಲ್ಲ. 118 ಗಂಟೆ ಅಂದರೆ ಹತ್ತಿರಹತ್ತಿರ ಐದು ದಿನ, ಯಾರೂ ಒಂದು ಪ್ಲಾನಿಗೆ ಐದು ದಿನ ಹಗಲೂ ರಾತ್ರಿ ಕೂರೋದಿಲ್ಲ. ಇದು ಸರದಿ, ಕಾಯುವಿಕೆ, ಪರಿಶೀಲನೆ ಎಲ್ಲ ಸೇರಿದ ಗಡಿಯಾರದ ಸಮಯ. 47ಕ್ಕೆ ಇಳಿದದ್ದು ಒಳ್ಳೆಯದೇ, ಕ್ಯಾನ್ಸರ್ ಎಂದು ಗೊತ್ತಾಗಿ ಕಾಯುವ ಮನೆಗೆ ಮೂರು ದಿನ ಸಣ್ಣದಲ್ಲ. ಉಳಿದ ಸಮಯವನ್ನು ಏನು ಮಾಡಿದರು ಅನ್ನೋದು ಮುಖ್ಯ. ವೈದ್ಯರು ಆ ಸಮಯದಲ್ಲಿ ರೋಗಿಯ ಜೊತೆ ಕೂತರೋ, ಇಲ್ಲ ಇನ್ನೂ ನಾಲ್ಕು ರೋಗಿಗಳನ್ನು ಸರದಿಗೆ ಸೇರಿಸಿದರೋ?

ಹಾಗೆಯೇ ಈ ಅಧ್ಯಯನ ಅಳೆದದ್ದು ವೈದ್ಯರ ಮೆಚ್ಚುಗೆಯನ್ನು. ರೋಗಿಯ ಮುಂದಿನ ಐದು, ಹತ್ತು ವರ್ಷವನ್ನಲ್ಲ. ಇದು ಪ್ರಾಸ್ಟೇಟಿನ ವಿಷಯದಲ್ಲಿ ಬೇರೆ ಕ್ಯಾನ್ಸರುಗಳಿಗಿಂತ ಹೆಚ್ಚು ಮುಖ್ಯ, ಯಾಕೆ ಅಂತ ಹೇಳ್ತೀನಿ. ಬ್ರಿಟನ್ನಿನ ಪ್ರೊಟೆಕ್ಟ್ ಪ್ರಯೋಗದಲ್ಲಿ ಗ್ರಂಥಿಯೊಳಗೇ ಉಳಿದಿದ್ದ ಕ್ಯಾನ್ಸರಿನ 1,643 ಗಂಡಸರನ್ನು ಮೂರು ಗುಂಪು ಮಾಡಿ, ಒಂದಕ್ಕೆ ಬರೀ ನಿಗಾ, ಒಂದಕ್ಕೆ ಆಪರೇಷನ್, ಒಂದಕ್ಕೆ ರೇಡಿಯೇಶನ್ ಕೊಟ್ಟರು. 2023ರಲ್ಲಿ, ಸುಮಾರು 15 ವರ್ಷದ ನಂತರದ ಲೆಕ್ಕ ಬಂದಾಗ ಪ್ರಾಸ್ಟೇಟ್ ಕ್ಯಾನ್ಸರಿನಿಂದಲೇ ಸತ್ತವರು ಮೂರೂ ಗುಂಪು ಸೇರಿ ಶೇ. 3ಕ್ಕಿಂತ ಕಡಿಮೆ, ಗುಂಪುಗುಂಪಿಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಅಂದರೆ ಇಂಥ ಬಹಳಷ್ಟು ಗಂಡಸರಿಗೆ ಚಿಕಿತ್ಸೆಯ ಪ್ರಶ್ನೆ ಬದುಕುತ್ತೀನಾ ಅನ್ನೋದಕ್ಕಿಂತ ಹೇಗೆ ಬದುಕುತ್ತೀನಿ ಅನ್ನೋದು. ಊರಿಗೆ ಹೋದಾಗ ಮೂರು ಗಂಟೆ ಬಸ್ಸಿನಲ್ಲಿ ಕೂರಬಹುದಾ, ಮದುವೆ ಮನೆಯಲ್ಲಿ ಮೊದಲು ಟಾಯ್ಲೆಟ್ ಎಲ್ಲಿದೆ ಅಂತ ಹುಡುಕಬೇಕಾ, ಗಂಡ ಹೆಂಡತಿಯ ನಡುವಿನ ಸಂಗತಿ ಏನಾಗುತ್ತೆ. ಪ್ಲಾನಿನ ಗೆರೆ ಎರಡು ಮಿಲಿಮೀಟರ್ ಈ ಕಡೆ ಬಿತ್ತೋ ಆ ಕಡೆ ಬಿತ್ತೋ ಅನ್ನೋದರ ಫಲ ಇಲ್ಲಿ ಕಾಣೋದು, ಅದೂ ವರ್ಷಗಳ ಮೇಲೆ, ಮನೆಯೊಳಗೆ. ನಮ್ಮ ಗಂಡಸರು ಇದನ್ನು ಡಾಕ್ಟರಿಗೇ ಹೇಳೋದಿಲ್ಲ, ಇನ್ನು ಅಧ್ಯಯನದ ಫಾರಂನಲ್ಲಿ ಬರೀತಾರಾ? "ಎಲ್ಲ ಚೆನ್ನಾಗಿದೆ" ಅಂತ ಟಿಕ್ ಹಾಕಿ ಬರುತ್ತಾರೆ. ದಯವಿಟ್ಟು ನಿಮ್ಮ ಅಪ್ಪನೋ ಚಿಕ್ಕಪ್ಪನೋ ಆ ಫಾರಂ ತುಂಬುವಾಗ ಪಕ್ಕದಲ್ಲಿ ಕೂರಿ. ನಾಳೆ ಇಂಥ ಯಂತ್ರಗಳು ಕಲಿಯುವುದು ಈ ಉತ್ತರಗಳಿಂದಲೂ ಇರಬಹುದು.

ಇಷ್ಟೆಲ್ಲ ಹೇಳಿ ಯಂತ್ರ ಬೇಡ ಅಂತೀನಾ? ಇಲ್ಲ. ನಮ್ಮಲ್ಲಿ ಬಹುಪಾಲು ಜನರ ತಂದೆತಾಯಿ ಇರೋದು ಇಲ್ಲಲ್ಲ, ಊರಲ್ಲಿ. ರಾಜ್ಯದ ಮೂಲೆಮೂಲೆಯಿಂದ ಜನ ಬೆಂಗಳೂರಿನ ಕಿದ್ವಾಯಿಗೆ ಬಂದು ಸಾಲಿನಲ್ಲಿ ಕಾಯುವುದನ್ನು ನೀವೂ ಕಂಡಿರಬಹುದು. ಅಂಥ ಕಡೆ ಎರಡು ಪ್ಲಾನ್ ಅನ್ನೋದು ಕನಸು, ಒಂದು ಒಳ್ಳೆಯ ಪ್ಲಾನ್ ಬೇಗ ಸಿಕ್ಕರೆ ಸಾಕು. ಭಾರತ, ಜೋರ್ಡಾನ್, ಮಲೇಷ್ಯಾ, ದಕ್ಷಿಣ ಆಫ್ರಿಕಾ, ಈ ನಾಲ್ಕು ದೇಶಗಳಲ್ಲಿ ಆರ್ಚರಿ ಎಂಬ ಅಧ್ಯಯನ ಸ್ವಯಂಚಾಲಿತ ಪ್ಲಾನಿಂಗನ್ನು ಮೂರು ಬಗೆಯ ಕ್ಯಾನ್ಸರಿಗೆ ಪರೀಕ್ಷಿಸಿದೆ, ಅದರಲ್ಲಿ ಪ್ರಾಸ್ಟೇಟೂ ಒಂದು. ತಜ್ಞರು ಕಡಿಮೆ ಇರುವ ಕಡೆ ಗುಣಮಟ್ಟ ಹೇಗಿರುತ್ತೆ, ಎಷ್ಟು ಸಮಯ, ಎಷ್ಟು ಖರ್ಚು ಉಳಿಯುತ್ತೆ ಅಂತ ನೋಡೋದು ಅದರ ಉದ್ದೇಶ. ಅಲ್ಲಿ ಹೋಲಿಕೆ ಟೊರಾಂಟೊದ ಪಳಗಿದ ಕೈಯೊಂದಿಗೆ ಅಲ್ಲ, ತಡವಾಗಿ ಸಿಗುವ ಪ್ಲಾನಿನೊಂದಿಗೆ. ಅಂಥಲ್ಲಿ 'ಆಗಬಹುದು' ಅನ್ನೋದೇ ದೊಡ್ಡ ಮಾತಾಗಬಹುದು. ಹಾಗಿದ್ದೂ, ಎರಡನೇ ಪ್ಲಾನೇ ಇಲ್ಲದ ಕಡೆ ಮೊದಲನೆಯದನ್ನು ಚೆಕ್ ಮಾಡುವ ಕಣ್ಣಿಗೆ ಇನ್ನೂ ಹೆಚ್ಚು ಸಮಯ ಕೊಡಬೇಕು. ಅವಸರದ ಸರದಿಯಲ್ಲಿ ಮೊದಲು ಕತ್ತರಿ ಬೀಳೋದು ಅದಕ್ಕೇ ಅನ್ನೋದು ನನ್ನ ಭಯ.

ಮಾವನ ಚಿಕಿತ್ಸೆ ಮುಗಿದು ಈಗ ಎರಡು ವರ್ಷದ ಮೇಲಾಯ್ತು. ಆರು ತಿಂಗಳಿಗೊಮ್ಮೆ ಪಿಎಸ್‌ಎ ರಕ್ತಪರೀಕ್ಷೆ, ಅಂಕಿ ಕೆಳಗೇ ಇದೆ. ಹೋದ ಭಾನುವಾರ ಅವರ ಮನೆಗೆ ಹೋಗಿದ್ದಾಗ ಈ ಪೇಪರಿನ ಅಂಕಿಗಳನ್ನು ಓದಿ ಹೇಳಿದೆ. ಅತ್ತೆ ಅಡುಗೆಮನೆಯಿಂದಲೇ "ಊಟದ ಹೊತ್ತಲ್ಲಿ ಅದೆಲ್ಲ ಯಾಕೆ" ಅಂದರು. ಮಾವ ಕನ್ನಡಕ ಏರಿಸಿಕೊಂಡು ಪೂರ್ತಿ ಕೇಳಿಸಿಕೊಂಡರು.

"ಉಳಿದವರಿಗೆ ಮನುಷ್ಯರು ಹಾಕಿದ್ದನ್ನೇ ಕೊಟ್ರಲ್ವಾ?"

"ಹೌದು ಮಾವ."

"ಹಾಗಿದ್ರೆ ಅವರಿಗೆ ಎರಡು ಡ್ರಾಯಿಂಗ್ ಇತ್ತು. ನನಗೆ?"

ಒಂದೇ ಇದ್ದಿರಬೇಕು ಅಂದೆ. ಬರೆದದ್ದು ಮನುಷ್ಯರೋ ಯಂತ್ರವೋ, ಆಗ ನಾವಿಬ್ಬರೂ ಕೇಳಿರಲಿಲ್ಲ, ಯಾರೂ ಹೇಳಲೂ ಇಲ್ಲ. ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು, ಮುಂದಿನ ಅಪಾಯಿಂಟ್‌ಮೆಂಟಿನ ಕಾಗದ ತರಿಸಿಕೊಂಡರು. ಅದರ ಹಿಂದೆ, ಬಲಗಡೆ ಕೆಳಮೂಲೆಯಲ್ಲಿ, ಸ್ಕೇಲ್ ಇಟ್ಟು ಒಂದು ಚೌಕ ಹಾಕಿದರು. ಒಳಗೆ ಎರಡು ಸಾಲು. ಬರೆದವರು. ಪರಿಶೀಲಿಸಿದವರು. ಪಕ್ಕದಲ್ಲಿ ಖಾಲಿ ಜಾಗ.

"ಡಾಕ್ಟರಿಗೆ ಕನ್ನಡ ಬರಲ್ಲ, ಕೆಳಗೆ ಇಂಗ್ಲಿಷಲ್ಲೂ ಬರೆದುಕೊಡು" ಅಂದರು. ಬರೆದುಕೊಟ್ಟೆ. ಅಪಾಯಿಂಟ್‌ಮೆಂಟ್ ನವೆಂಬರಿನಲ್ಲಿ.